ಸುತ್ತೆಲ್ಲ ಮೆಕ್ಕೆಜೋಳ, ಮಕ್ಕಳಿಗೆ ಮಾತ್ರ 30 ರೂಪಾಯಿ ಕಪ್

ಮೊನ್ನೆ ನಮ್ಮ ಕಡೆ ಜಾತ್ರೆ. ತೇರು ಎಳೆದು ಮುಗಿದಿತ್ತು. ಮಂಡಕ್ಕಿ, ಮಿರ್ಚಿ ಅಂಗಡಿಗಳ ಸಾಲಿನ ಕೊನೆಗೆ ಒಂದು ತಳ್ಳುಗಾಡಿ ನಿಂತಿತ್ತು. ಹಬೆಯಲ್ಲಿ ಬೆಂದ ಸ್ವೀಟ್ ಕಾರ್ನ್, ಮೇಲೊಂದು ಚಮಚ ಬೆಣ್ಣೆ, ಚಿಟಿಕೆ ಖಾರದ ಪುಡಿ. ಒಂದು ಪೇಪರ್ ಕಪ್ಪಿಗೆ 30 ರೂಪಾಯಿ. ಮಕ್ಕಳು ಅವ್ವಂದಿರ ಸೆರಗು ಹಿಡಿದು ಜಗ್ಗುತ್ತಿದ್ದವು.

ಆ ಗಾಡಿಯ ಬೆನ್ನ ಹಿಂದೆ ಏನಿತ್ತು? ಮೆಕ್ಕೆಜೋಳದ ಹೊಲ. ಅದರಾಚೆ ಇನ್ನೊಂದು ಮೆಕ್ಕೆಜೋಳದ ಹೊಲ. ದಾವಣಗೆರೆ, ಹಾವೇರಿ ಸೀಮೆಯಲ್ಲಿ ಮುಂಗಾರಿನಲ್ಲಿ ಬಸ್ಸಿನ ಕಿಟಕಿಯಿಂದ ನೋಡಿ, ಕಣ್ಣು ಹಾಯುವವರೆಗೂ ಅದೇ. ಕೆಲವು ಕಡೆ ಗೋವಿನಜೋಳ ಅನ್ನುತ್ತೀರಿ, ಇನ್ನು ಕೆಲವು ಕಡೆ ಮುಸುಕಿನ ಜೋಳ. ಹೆಸರು ಯಾವುದಾದರೂ ಬೆಳೆ ಒಂದೇ. ಹೋಗುವುದು ಕೋಳಿ ಮೇವಿಗೆ, ಪಿಷ್ಟದ ಕಾರ್ಖಾನೆಗೆ, ಈಚೆಗೆ ಎಥೆನಾಲ್‌ಗೆ.

ಒಂದು ಸಣ್ಣ ಲೆಕ್ಕ ಹಾಕೋಣ. 2025-26ರ ಸಾಲಿಗೆ ಮೆಕ್ಕೆಜೋಳಕ್ಕೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಅಂದರೆ ಕಿಲೋಗೆ 24 ರೂಪಾಯಿ. ಆ ಬೆಲೆ ಪೂರ್ತಿ ಕೈಗೆ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಆಗಲೂ ಮಗುವಿಗೆ ಒಂದು ಕಪ್ ಕೊಡಿಸಲು ರೈತ ಒಂದೂಕಾಲು ಕಿಲೋ ಜೋಳ ಮಾರಬೇಕು. ಕಪ್ಪಿನಲ್ಲಿ ಇರುವುದು ಒಂದು ಹಿಡಿ ಕಾಳು.

ಇದನ್ನು ನೋಡಿ ನಮಗೆ ಸಿಟ್ಟು ಬಂತು. ಗಾಡಿಯವನ ಮೇಲಲ್ಲ, ಅವನದೂ ಹೊಟ್ಟೆಪಾಡು. ನಮ್ಮ ಮೇಲೆ ನಮಗೇ ಬಂತು. ಯಾಕೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇವೆ.

ನಾವು ಬರೆದ ಒಂದು ತಪ್ಪು ಬರಹ

ಮೂರು ವರ್ಷದ ಹಿಂದೆ ನಾವೂ ಸ್ವೀಟ್ ಕಾರ್ನ್ ಬಗ್ಗೆ ಬರೆದಿದ್ದೆವು. ತಲೆಬರಹ ನೆನಪಿಸಿಕೊಂಡರೆ ಈಗ ನಾಚಿಕೆ. ಎಕರೆಗೆ ಇಷ್ಟು ಲಕ್ಷ, ಎಪ್ಪತ್ತೈದೇ ದಿನದಲ್ಲಿ ದುಡ್ಡು ಅನ್ನುವ ಧಾಟಿ. ಕಾಲೇಜಿನಲ್ಲಿ ಗ್ರಾಮೀಣ ಪತ್ರಿಕೋದ್ಯಮ ಓದುವಾಗ 'ಯಶೋಗಾಥೆ ಬರೆಯಿರಿ, ಜನ ಓದುತ್ತಾರೆ' ಎಂದು ಹೇಳಿಕೊಟ್ಟಿದ್ದರು. ಜನ ಓದಿದರು. ವಾಟ್ಸಾಪ್ ಗುಂಪಿನಿಂದ ಗುಂಪಿಗೆ ಹೋಯಿತು. ನಮಗೂ ಖುಷಿಯೋ ಖುಷಿ.

ಪಕ್ಕದ ತಾಲ್ಲೂಕಿನ ಓದುಗರೊಬ್ಬರು ಅದನ್ನು ನಂಬಿ ಎರಡು ಎಕರೆ ಹಾಕಿದರು. ಬೆಳೆ ಚೆನ್ನಾಗಿಯೇ ಬಂತು. ಪೇಟೆಯ ವ್ಯಾಪಾರಿ ಬಾಯಿಮಾತಿನಲ್ಲಿ 'ನಾ ಒಯ್ತೀನಿ' ಅಂದಿದ್ದವನು ಕೊಯ್ಲಿನ ದಿನ ಫೋನ್ ಎತ್ತಲಿಲ್ಲ. ಮೆಕ್ಕೆಜೋಳವಾದರೆ ಒಣಗಿಸಿ ಚೀಲ ತುಂಬಿ ಪಡಸಾಲೆಯಲ್ಲಿ ಒಟ್ಟಬಹುದು, ಬೆಲೆ ಬಂದಾಗ ಮಾರಬಹುದು. ಸ್ವೀಟ್ ಕಾರ್ನ್ ಹಸಿ ಮಾಲು. ನಾಲ್ಕೈದು ದಿನ ತಪ್ಪಿದರೆ ಗಿಡದಲ್ಲೇ ಬಲಿತು ರುಚಿ ಕೆಡುತ್ತದೆ, ಕಿತ್ತಿಟ್ಟರೆ ಬಾಡುತ್ತದೆ. ಆ ಪುಣ್ಯಾತ್ಮರು ನಮಗೆ ಫೋನ್ ಮಾಡಿ ಬೈಯಲಿಲ್ಲ. "ತಮ್ಮಾ, ನಿಮ್ಮ ಬರಹ ನನ್ನ ಹೊಲದಾಗ ಕೊಳೀತೈತಿ ನೋಡು, ಬಂದು ಫೋಟೋ ತಕ್ಕೊಂಡ್ ಹೋಗ್ರಿ" ಅಂದರು. ಕೊನೆಗೆ ತೆನೆಸಮೇತ ದಂಟು ದನಕ್ಕೆ ಹಾಕಿದರು.

ಬೈದಿದ್ದರೇ ಚೆನ್ನಾಗಿತ್ತು. ನಾವು ಇಳುವರಿ ಬರೆದಿದ್ದೆವು, ಖರ್ಚು ಬರೆದಿದ್ದೆವು. ಕೊಳ್ಳುವವರು ಯಾರು, ಕಿತ್ತ ದಿನವೇ ಸಾಗಿಸುವ ಗಾಡಿ ಎಲ್ಲಿದೆ, ಕರಾರು ಕಾಗದದಲ್ಲಿ ಇದೆಯೇ ಅನ್ನುವುದನ್ನು ಬರೆದಿರಲಿಲ್ಲ. ಅದನ್ನು ಕೇಳಬೇಕು ಅಂತಲೂ ನಮಗೆ ಹೊಳೆದಿರಲಿಲ್ಲ.

ಹಾಗಾಗಿ ಈ ಸಲ ನೇರವಾಗಿ ಹೇಳುತ್ತೇವೆ. ಕೊಳ್ಳುವವರು ಕಾಗದದ ಮೇಲೆ ಸಹಿ ಹಾಕದ ಹೊರತು ಸ್ವೀಟ್ ಕಾರ್ನ್ ಎಕರೆಗಟ್ಟಲೆ ಹಾಕಬೇಡಿ. ಅದು ಮೊದಲು ಬರಬೇಕಾದ್ದು ಹೊಲಕ್ಕಲ್ಲ, ಹಿತ್ತಲಿಗೆ.

ಹಿತ್ತಲಿಗೇ ಯಾಕೆ?

ಇದು ಊರಿನ ಅಭಿಮಾನದ ಮಾತಲ್ಲ, ಕಾಳಿನ ಒಳಗಿನ ಗುಟ್ಟು. ಸಾಮಾನ್ಯ ಮೆಕ್ಕೆಜೋಳದಲ್ಲಿ ಗಿಡ ಮಾಡಿದ ಸಕ್ಕರೆ ಕಾಳಿಗೆ ಬಂದು ಬೇಗ ಪಿಷ್ಟವಾಗುತ್ತದೆ. ಸ್ವೀಟ್ ಕಾರ್ನ್‌ನಲ್ಲಿ ಆ ಕೆಲಸ ಅರ್ಧಕ್ಕೆ ನಿಲ್ಲುವಂತೆ ವಂಶವಾಹಿಯಲ್ಲಿ ಒಂದು ಬದಲಾವಣೆ ಆಗಿದೆ. ಅದರಿಂದಲೇ ಸಿಹಿ. ಹಳೆಯ ಬಗೆಯ ಸಿಹಿ ಜೋಳದಲ್ಲಿ ತೆನೆ ಕಿತ್ತ ಗಳಿಗೆಯಿಂದಲೇ ಉಳಿದ ಸಕ್ಕರೆಯೂ ಪಿಷ್ಟವಾಗತೊಡಗುತ್ತದೆ. ಬಿಸಿಲು ಜೋರಿದ್ದಷ್ಟು ಬೇಗ. ಈಗ ಮಾರುಕಟ್ಟೆಯಲ್ಲಿರುವ 'ಸೂಪರ್ ಸ್ವೀಟ್' ಬಗೆಗಳು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ಲಾಫ್ನನ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಗುರುತಿಸಿದ ಇನ್ನೊಂದು ಬದಲಾವಣೆಯಿಂದ ಬಂದವು. ಇವು ಸಿಹಿಯನ್ನು ಹೆಚ್ಚು ದಿನ ಹಿಡಿದಿಡುತ್ತವೆ. ಆದರೂ ತಾಜಾತನ ಹೋದಮೇಲೆ ಹೋಯಿತು.

ಪೇಟೆಗೆ ಬರುವ ತೆನೆ ಕಿತ್ತು ಎಷ್ಟು ಹೊತ್ತಾಯಿತೋ ಯಾರಿಗೆ ಗೊತ್ತು. ನಿಮ್ಮ ಹಿತ್ತಲಿನ ತೆನೆಗೆ ಒಲೆ ಹತ್ತು ಹೆಜ್ಜೆ ದೂರ. ಒಲೆಯ ಮೇಲೆ ನೀರಿಟ್ಟು ಆಮೇಲೆ ತೆನೆ ಕೀಳಲು ಹೋಗಬಹುದು. ಬೆಂಗಳೂರಿನ ದೊಡ್ಡ ಹೋಟೆಲಿನವನಿಗೂ ಈ ಭಾಗ್ಯ ಇಲ್ಲ. ದುಡ್ಡಿದ್ದವರಿಗೆ ಸಿಗದ ರುಚಿ ಹಳ್ಳಿಯವರಿಗೆ ಪುಕ್ಕಟೆ ಸಿಗುವುದು ಅಪರೂಪ. ಅದನ್ನೂ ಬಿಟ್ಟುಕೊಟ್ಟು ಕಪ್ ಕೊಳ್ಳಲು ಸಾಲಿನಲ್ಲಿ ನಿಂತಿದ್ದೇವೆ.

'ಹಿತ್ತಲ ಗಿಡ ಮದ್ದಲ್ಲ' ಅನ್ನುವ ಗಾದೆ ನಮ್ಮವರದೇ. ಈಗ ಹಿತ್ತಲ ಗಿಡ ಊಟವೂ ಅಲ್ಲ ಎನ್ನುವ ಹಂತಕ್ಕೆ ಬಂದಿದ್ದೇವೆ. ಹಿತ್ತಲಲ್ಲಿ ಮೊದಲು ಬಸಳೆ, ಅವರೆ, ಹೀರೆ, ನುಗ್ಗೆ ಇರುತ್ತಿತ್ತು. ಈಗ ಸಿಮೆಂಟ್ ಹಾಸು, ತಗಡಿನ ಶೆಡ್, ಮುರಿದ ಸ್ಪ್ರೇಯರ್. ಮಂಗಳವಾರದ ಸಂತೆಯಿಂದ ಚೀಲ ಹಿಡಿದು ಸೊಪ್ಪು ತರುತ್ತೇವೆ. ಹಿತ್ತಲು ಅವ್ವನ ರಾಜ್ಯವಾಗಿತ್ತು. ಅಲ್ಲಿ ಏನು ಹಾಕಬೇಕು, ಯಾವಾಗ ಕೀಳಬೇಕು, ಯಾರ ಮನೆಗೆ ಒಂದು ಹಿಡಿ ಕೊಡಬೇಕು ಎಂದು ಅವಳೇ ತೀರ್ಮಾನ ಮಾಡುತ್ತಿದ್ದಳು. ಹೊಲದ ಜೋಳ ಮಾರಿದ ದುಡ್ಡು ಅವಳ ಕೈಗೆ ಬರುವುದಿಲ್ಲ. ಹಿತ್ತಲೂ ಹೋದಮೇಲೆ ಮಗುವಿನ 30 ರೂಪಾಯಿಗೂ ಅವಳು ಯಾರನ್ನೋ ಕೇಳಬೇಕು. ನಮ್ಮ ನಿಜವಾದ ತಕರಾರು ಇದು.

ಬಿತ್ತುವ ಮೊದಲು ಸುತ್ತ ನೋಡಿ

ನಮ್ಮ ಗುಂಪಿನ ಒಬ್ಬರ ಮನೆಯಲ್ಲಿ ಹೋದ ವರ್ಷದ ಹಿಂದಿನ ವರ್ಷ ಜೂನ್‌ನಲ್ಲಿ ಬೇಲಿ ಗುಂಟ ಒಂದೇ ಸಾಲು ಹಾಕಿದ್ದರು. ತೆನೆ ಬಿಚ್ಚಿದರೆ ಹಲ್ಲುದುರಿದ ಅಜ್ಜನ ಬಾಯಿಯಂತೆ ಅಲ್ಲೊಂದು ಇಲ್ಲೊಂದು ಕಾಳು. ಇದ್ದ ಕಾಳೂ ಸಪ್ಪೆ. "ಪೇಪರ್ ಓದಿ ಬೆಳೆದ ಬೆಳೆ ಹಿಂಗಽ" ಎಂದು ದೊಡ್ಡಪ್ಪ ನಕ್ಕರು. ತಪ್ಪು ಬೀಜದ್ದಲ್ಲ, ನಮ್ಮದೇ. ಎರಡು ತಪ್ಪು ಮಾಡಿದ್ದೆವು.

ಮೊದಲನೆಯದು ಸಾಲು. ಜೋಳದ ತುದಿಯ ಹೂವು ಗಂಡು, ತೆನೆಯ ತುದಿಯಲ್ಲಿ ಇಳಿಬಿದ್ದ ರೇಷ್ಮೆಯಂಥ ಎಳೆಗಳು ಹೆಣ್ಣು. ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಹೋಗುತ್ತದೆ. ಎಳೆಗೆ ಪರಾಗ ಬೀಳದಿದ್ದರೆ ಆ ಕಾಳು ಇಲ್ಲ. ಪರಾಗ ತರುವುದು ಮುಖ್ಯವಾಗಿ ಗಾಳಿ. ಒಂದೇ ಸಾಲಿದ್ದರೆ ಪರಾಗವೆಲ್ಲ ಪಕ್ಕದ ಮನೆಯ ಮಾಡಿನ ಮೇಲೆ ಹೋಗಿ ಬೀಳುತ್ತದೆ. ಆದ್ದರಿಂದ ಉದ್ದ ಸಾಲು ಬೇಡ, ಚೌಕ ಮಡಿ ಮಾಡಿ. ಎಂಟು ಅಡಿ ಅಗಲ, ಹತ್ತು ಅಡಿ ಉದ್ದದ ಜಾಗ ಸಾಕು. ಸಾಲಿನಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದು ಅಡಿ. ನಾಲ್ಕು ಸಾಲಿಗೆ 40 ಗಿಡ. ಗಿಡಕ್ಕೆ ಒಂದು ಒಳ್ಳೆಯ ತೆನೆ ಎಂದರೂ 40 ತೆನೆ. ಹೂವು ಬಂದ ಮೇಲೆ ನಾಲ್ಕೈದು ದಿನ ಬೆಳಗ್ಗೆ ಗಿಡವನ್ನು ಮೆಲ್ಲಗೆ ಅಲುಗಾಡಿಸಿದರೆ ಇನ್ನೂ ಒಳ್ಳೆಯದು. ಈ ಕೆಲಸ ಮಕ್ಕಳಿಗೆ ಬಿಡಿ.

ಎರಡನೆಯ ತಪ್ಪು ದೊಡ್ಡದು. ಸುತ್ತಲಿನ ಹೊಲದ ಮೆಕ್ಕೆಜೋಳವೂ ಅದೇ ಹೊತ್ತಿಗೆ ಹೂ ಬಿಟ್ಟಿತ್ತು. ಅದರ ಪರಾಗ ಸ್ವೀಟ್ ಕಾರ್ನ್ ಎಳೆಗೆ ಬಿದ್ದರೆ ಆ ಕಾಳು ಈ ಬೆಳೆಯಲ್ಲೇ ಹೊಲದ ಜೋಳದ ಹಾಗೆ ಪಿಷ್ಟದ ಕಾಳಾಗುತ್ತದೆ. ಮುಂದಿನ ವರ್ಷದ ಬೀಜದಲ್ಲಿ ಅಲ್ಲ, ಈಗಲೇ. ಮೆಕ್ಕೆಜೋಳದ ನಡುವೆ ಇರುವ ನಮ್ಮ ಊರುಗಳಲ್ಲಿ ಮುಂಗಾರಿನ ಹಿತ್ತಲ ಸ್ವೀಟ್ ಕಾರ್ನ್ ಸಪ್ಪೆಯಾಗುವುದು ಇದರಿಂದಲೇ. ಬೀಜದಂಗಡಿಯಲ್ಲಿ ಇದನ್ನು ನಮಗೆ ಯಾರೂ ಹೇಳಿರಲಿಲ್ಲ.

ದಾರಿ ಎರಡಿದೆ. ಒಂದು, ಊರ ಸುತ್ತ ಮೆಕ್ಕೆಜೋಳ ಇಲ್ಲದ ಕಾಲ ನೋಡಿ ಬಿತ್ತುವುದು. ನಮ್ಮ ಕಡೆ ಜನವರಿ ಮೊದಲ ವಾರದಿಂದ ಸಂಕ್ರಾಂತಿಯ ಒಳಗೆ ಬಿತ್ತಿದರೆ ಯುಗಾದಿಯ ಆಸುಪಾಸು ತೆನೆ ಸಿಗುತ್ತದೆ. ಕಡುಬೇಸಿಗೆಯ ಬಿಸಿಲಿಗೆ ಮೊದಲೇ ಹೂವು ಮುಗಿದಿರುತ್ತದೆ. ಹತ್ತಿರದಲ್ಲಿ ಬೋರ್‌ವೆಲ್ ಹೊಲದಲ್ಲಿ ಹಿಂಗಾರಿ ಮೆಕ್ಕೆಜೋಳ ಇದ್ದರೆ ಅದು ಯಾವಾಗ ಹೂ ಬಿಡುತ್ತದೆ ಎಂದು ಕೇಳಿಕೊಳ್ಳಿ. ಇನ್ನೊಂದು, ಮುಂಗಾರಿನಲ್ಲೇ ಹಾಕಬೇಕೆಂದರೆ ಅಕ್ಕಪಕ್ಕದ ಹೊಲದವರು ಬಿತ್ತಿ ಒಂದು ತಿಂಗಳು ಕಳೆದ ಮೇಲೆ ಬಿತ್ತುವುದು. ಸ್ವೀಟ್ ಕಾರ್ನ್ ಕೆಲವು ದಿನ ಮೊದಲೇ ಹೂ ಬಿಡುವುದರಿಂದ ಅಷ್ಟು ಅಂತರ ಬೇಕು. ಎರಡು ಹೂವುಗಳ ನಡುವೆ ಕನಿಷ್ಠ ಎರಡು ವಾರ ಸಿಗಬೇಕು. ಹಾಗೆಯೇ ಎರಡು ಬೇರೆ ಬೇರೆ ಬಗೆಯ ಸ್ವೀಟ್ ಕಾರ್ನ್ ಪೊಟ್ಟಣ ತಂದು ಒಟ್ಟಿಗೆ ಹಾಕಬೇಡಿ. ಬೆರೆತರೆ ಅವೂ ಒಂದರ ಸಿಹಿ ಒಂದು ಕೆಡಿಸಬಹುದು.

ಬೀಜದ ಮಾತು

ಪೊಟ್ಟಣ ಬಿಚ್ಚಿದಾಗ ಬೀಜ ಸುಕ್ಕುಗಟ್ಟಿ, ಹಗುರವಾಗಿ, ಜೊಳ್ಳಿನಂತೆ ಕಂಡರೆ ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ. ನಾವು ಹೋಗಿದ್ದೆವು. ಸ್ವೀಟ್ ಕಾರ್ನ್ ಬೀಜ ಇರುವುದೇ ಹಾಗೆ. ತುಂಬಿಕೊಳ್ಳಲು ಪಿಷ್ಟ ಕಡಿಮೆ, ಒಣಗಿದಾಗ ಸುಕ್ಕಾಗುತ್ತದೆ. ಮೊಳಕೆಗೆ ಶಕ್ತಿಯೂ ಕಡಿಮೆ. ಅದಕ್ಕೇ ಒಂದು ಇಂಚಿಗಿಂತ ಹೆಚ್ಚು ಆಳಕ್ಕೆ ಹಾಕಬೇಡಿ. ಒಂದು ಗುಣಿಗೆ ಎರಡು ಕಾಳು ಹಾಕಿ, ಆಮೇಲೆ ಒಂದನ್ನು ತೆಗೆಯಿರಿ. ಮೊಳಕೆ ಬರುವ ತನಕ ತೇವ ಇರಲಿ, ಕೆಸರಾಗದಿರಲಿ.

ಗುಲಾಬಿ, ಕೆಂಪು ಬಣ್ಣ ಬಳಿದ ಬೀಜ ಎಂದರೆ ಔಷಧ ಹಚ್ಚಿದ ಬೀಜ. ಬಿತ್ತಿ ಕೈ ತೊಳೆಯಿರಿ. ಉಳಿದದ್ದನ್ನು ಕೋಳಿಗೆ ಚೆಲ್ಲಬೇಡಿ, ಮಕ್ಕಳ ಕೈಗೆ ಸಿಗುವ ಹಾಗೆ ಇಡಬೇಡಿ.

ಅಂಗಡಿಯಲ್ಲಿ ಸಿಗುವುದು ಬಹುಪಾಲು ಹೈಬ್ರಿಡ್. ಅದರ ತೆನೆಯಿಂದ ಬೀಜ ತೆಗೆದಿಟ್ಟರೆ ಮುಂದಿನ ಬೆಳೆ ಅದೇ ಗುಣದ್ದು ಬರುವುದಿಲ್ಲ. ಪ್ರತಿ ಸಲ ಕೊಳ್ಳಬೇಕು. ಬೀಜ ಉಳಿಸಿಕೊಳ್ಳುವ ಆಸೆ ಇದ್ದರೆ ಮಾಧುರಿ, ಪ್ರಿಯಾ ಎಂಬ ಕಾಂಪೋಸಿಟ್ ತಳಿಗಳ ಬಗ್ಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಸಿಗಲಿಲ್ಲ ಎಂದರೆ ಮತ್ತೆ ಕೇಳಿ. ನಾಲ್ಕು ಊರಿನ ಹೆಂಗಸರು ಕೇಳಿದರೆ ತರಿಸುತ್ತಾರೆ. ಯಾರೂ ಕೇಳದಿದ್ದರೆ 'ಬೇಡಿಕೆ ಇಲ್ಲ' ಎಂದು ಬರೆದು ಮುಗಿಸುತ್ತಾರೆ.

ಹೊಲದ ಡಬ್ಬಿ ಹಿತ್ತಲಿಗೆ ಬೇಡ

ಸೈನಿಕ ಹುಳು ಬರುತ್ತದೆ. 2018ರಲ್ಲಿ ಇಡೀ ದೇಶದಲ್ಲೇ ಮೊದಲು ಅದು ಪತ್ತೆಯಾದದ್ದು ನಮ್ಮ ಶಿವಮೊಗ್ಗ ಸೀಮೆಯಲ್ಲಿ. ಸುಳಿಯೊಳಗೆ ಮರದ ಪುಡಿಯಂಥ ಹಿಕ್ಕೆ ಕಂಡರೆ ಅದೇ. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ' ಅಕ್ಷರ, ಹಿಂಭಾಗದಲ್ಲಿ ನಾಲ್ಕು ಕಪ್ಪು ಚುಕ್ಕೆ.

ಹೊಲಕ್ಕೆ ಹೊಡೆದು ಉಳಿದ ಔಷಧವನ್ನು ಹಿತ್ತಲಿಗೂ ಹೊಡೆಯುವ ಅಭ್ಯಾಸ ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ಕೈಮುಗಿದು ಕೇಳುತ್ತೇವೆ, ಬೇಡ. ಹೊಲದ ಜೋಳ ಬಲಿತು ಒಣಗಿ, ರಾಶಿಯಾಗಿ, ಕೋಳಿಗೆ ಹೋಗುವಷ್ಟರಲ್ಲಿ ವಾರಗಟ್ಟಲೆ ಕಾಲ ಸಿಗುತ್ತದೆ. ಸ್ವೀಟ್ ಕಾರ್ನ್ ಹಾಲುಗಾಳಿನಲ್ಲೇ ಮಗುವಿನ ಬಾಯಿಗೆ ಹೋಗುತ್ತದೆ. ನಲವತ್ತು ಗಿಡಕ್ಕೆ ಕೈಯೇ ಸಾಕು. ಮೊದಲ ತಿಂಗಳು ಬೆಳಗ್ಗೆ ಹಲ್ಲುಜ್ಜುವ ಹೊತ್ತಿನಲ್ಲಿ ಒಂದು ಸುತ್ತು ಹಾಕಿ. ಎಲೆಯ ಮೇಲೆ ಹತ್ತಿಯಂಥ ನೂಲು ಮುಚ್ಚಿದ ಮೊಟ್ಟೆಗುಂಪು ಕಂಡರೆ ಹೊಸಕಿ. ಒಂಬತ್ತು ಪಾಲು ಮರಳಿಗೆ ಒಂದು ಪಾಲು ಸುಣ್ಣ ಬೆರೆಸಿ ಸುಳಿಗೆ ಚಿಟಿಕೆ ಚಿಟಿಕೆ ಹಾಕಿ. ಸುಣ್ಣ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ಇನ್ನೂ ಇದ್ದರೆ ಬೇವಿನ ಬೀಜದ ಕಷಾಯ.

ಕಳೆನಾಶಕವೂ ಬೇಡ. ಮೆಕ್ಕೆಜೋಳಕ್ಕೆ ಹೊಡೆಯುವ ಅಟ್ರಜಿನ್ ಜೋಳವನ್ನು ಬಿಟ್ಟು ಅವರೆ, ಅಲಸಂದೆ, ಸೊಪ್ಪುಗಳನ್ನೆಲ್ಲ ಕೊಲ್ಲುತ್ತದೆ. ನಮಗೆ ಬೇಕಾದದ್ದೇ ಅವು. ಜೋಳ ಹುಟ್ಟಿದ ನಾಡು ಮೆಕ್ಸಿಕೊ. ಅಲ್ಲಿನ ರೈತರು ಸಾವಿರಾರು ವರ್ಷಗಳಿಂದ ಜೋಳದ ಜೊತೆ ಹುರುಳಿಕಾಯಿ ಜಾತಿಯ ಬಳ್ಳಿಯನ್ನೂ ಕುಂಬಳವನ್ನೂ ಕೂಡಿಸಿ ಬೆಳೆಯುತ್ತಾರೆ. ನಮ್ಮ ಹಿರಿಯರ ಅಕ್ಕಡಿ ಸಾಲೂ ಅದೇ ಬುದ್ಧಿ. ಜೋಳ ಮೊಣಕಾಲೆತ್ತರ ಬಂದಮೇಲೆ ಬುಡಕ್ಕೆ ನಾಲ್ಕು ಅಲಸಂದೆ ಕಾಳು ಹಾಕಿ. ದಂಟೇ ಚಪ್ಪರ.

ಜೋಳ ಹೊಟ್ಟೆಬಾಕ ಬೆಳೆ. ಬಿತ್ತುವ ಮೊದಲು ತಿಪ್ಪೆಗೊಬ್ಬರ ಚೆನ್ನಾಗಿ ಕೊಡಿ. ಮೊಣಕಾಲೆತ್ತರದಲ್ಲಿ ಒಮ್ಮೆ, ಹೂ ಬರುವ ಮೊದಲು ಒಮ್ಮೆ ಸಗಣಿ ಬಗ್ಗಡ ಅಥವಾ ಹೊಂಗೆ ಹಿಂಡಿ ಕೊಟ್ಟು ಮಣ್ಣು ಏರಿಸಿ. ಹೂವು, ರೇಷ್ಮೆ ಬಂದಾಗ ನೀರು ತಪ್ಪಿಸಬೇಡಿ. ಅದೊಂದು ಹೊತ್ತಿನಲ್ಲಿ ಒಣಗಿಸಿದರೆ ಉಳಿದದ್ದೆಲ್ಲ ವ್ಯರ್ಥ.

ರೇಷ್ಮೆ ಬಂದು ಸುಮಾರು ಮೂರು ವಾರಕ್ಕೆ ಎಳೆಗಳು ಕಂದಾಗಿ ಒಣಗುತ್ತವೆ. ಸಿಪ್ಪೆ ಸ್ವಲ್ಪ ಸರಿಸಿ ಕಾಳಿಗೆ ಉಗುರು ಒತ್ತಿ. ಹಾಲಿನಂಥ ರಸ ಬಂದರೆ ಅಂದೇ ಕೀಳಿ. ನೀರಿನಂತೆ ತಿಳಿಯಾಗಿದ್ದರೆ ಎರಡು ದಿನ ಬಿಡಿ. ಹಿಟ್ಟಿನಂತೆ ಗಟ್ಟಿಯಾಗಿದ್ದರೆ ತಡವಾಯಿತು. ತೆನೆ ಮುಗಿದ ಗಿಡ ಇನ್ನೂ ಹಸಿರಿರುತ್ತದೆ, ಕತ್ತರಿಸಿ ಕೊಟ್ಟಿಗೆಗೆ ಹಾಕಿ. ಎಮ್ಮೆಗೂ ಹಬ್ಬ.

ನೀವು ಕೇಳುವ ಪ್ರಶ್ನೆಗಳು

'ನೀರೆಲ್ಲಿದೆ ಮಾರಾಯ್ರೇ?' ಎಂದು ಕೇಳುವಿರಿ. ಎಂಟಡಿ ಹತ್ತಡಿ ಮಡಿಗೆ ಕೊಳವೆಬಾವಿ ಬೇಡ. ಪಾತ್ರೆ ತೊಳೆದ ನೀರು, ಬಚ್ಚಲ ನೀರು ಚರಂಡಿಗೆ ಹೋಗುತ್ತಿದೆಯಲ್ಲ. ಬಟ್ಟೆಯ ಸೋಪಿನ ಪುಡಿ ಹೆಚ್ಚಿರುವ ನೀರೊಂದನ್ನು ಬಿಟ್ಟು ಉಳಿದದ್ದನ್ನು ತಿರುಗಿಸಿ.

'ಮಂಗ ಬಿಡುತ್ತವೆಯೇ?' ಇದಕ್ಕೆ ನಮ್ಮ ಹತ್ತಿರ ಉತ್ತರ ಇಲ್ಲ. ಮಂಗಗಳ ಹಿಂಡು ದಿನಾ ಬರುವ ಮಲೆನಾಡಿನ ಮನೆಗಳಿಗೆ ಈ ಬೆಳೆ ಹೇಳುವುದೇ ತಪ್ಪು. ಅಲ್ಲಿ ಕೆಸುವು, ಬಸಳೆ, ಅರಿಸಿನ ಹಾಕಿ. ಗಿಳಿ, ಅಳಿಲಿನ ಕಾಟವಾದರೆ ತೆನೆಗೆ ಹಳೆಯ ಬಟ್ಟೆಯ ಚೀಲ ಕಟ್ಟಬಹುದು. ಆದರೆ ಪರಾಗ ಬಿದ್ದು ಎಳೆಗಳು ಒಣಗಿದ ಮೇಲೆ.

'ಇದರಲ್ಲಿ ಏನು ಪೌಷ್ಟಿಕ?' ಅಮೃತವೇನಲ್ಲ. ಸಕ್ಕರೆ, ಪಿಷ್ಟ, ಒಂದಿಷ್ಟು ನಾರು. ರಾಗಿ ಮುದ್ದೆಗೂ ಬೇಳೆ ಸಾರಿಗೂ ಇದು ಬದಲಿ ಅಲ್ಲ. ಆದರೆ ಮಕ್ಕಳು ತಾವಾಗಿ ಕೇಳಿ ತಿನ್ನುವ ವಸ್ತು. ಅದಕ್ಕಾಗಿ ಅವರು ಹಿತ್ತಲಿಗೆ ಹೋಗುತ್ತಾರೆ, ಗಿಡ ಎಣಿಸುತ್ತಾರೆ. ಪಕ್ಕದಲ್ಲಿ ಅಲಸಂದೆಯೂ ಹರಿವೆಯೂ ಇದ್ದರೆ ಅದೂ ಬುಟ್ಟಿಗೆ ಬರುತ್ತದೆ.

'ನಮಗೆ ಹಿತ್ತಲೇ ಇಲ್ಲವಲ್ಲ?' ನಿಜವಾದ ಪ್ರಶ್ನೆ ಇದು. ಕಾಲೊನಿಯ ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಮನೆ ಕಟ್ಟಿದವರಿಗೆ ಹಿತ್ತಲು ಎಲ್ಲಿಂದ ಬರಬೇಕು? ಹೊಲ ಇದ್ದವರಿಗೇ ಹಿತ್ತಲೂ ಇರುತ್ತದೆ, ಕೂಲಿಗೆ ಹೋಗುವವರಿಗೆ ಎರಡೂ ಇಲ್ಲ. ಆದರೆ ಎಷ್ಟೋ ಊರುಗಳಲ್ಲಿ ಶಾಲೆಯ ಹಿಂದೆ, ಅಂಗನವಾಡಿಯ ಪಕ್ಕದಲ್ಲಿ ಪಾರ್ಥೇನಿಯಂ ಬೆಳೆದ ಜಾಗ ಇರುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಒಂದು ಮಾತು ಕೇಳಿ: ಆ ಜಾಗಕ್ಕೆ ಒಂದು ನಲ್ಲಿ, ಒಂದು ಬೇಲಿ ಯಾಕೆ ಆಗಿಲ್ಲ? ಕಾಂಪೌಂಡಿಗೆ, ಕಮಾನಿಗೆ ದುಡ್ಡು ಸಿಗುವ ಪಂಚಾಯಿತಿಗೆ ಇದಕ್ಕೆ ಸಿಗುವುದಿಲ್ಲವೇ? ಉತ್ತರವನ್ನು ನಡಾವಳಿಯಲ್ಲಿ ಬರೆಸಿ.

ನಾವು ನಮ್ಮ ಕಡೆಯಿಂದ ಒಂದು ಮಾತು ಕೊಡುತ್ತೇವೆ. ಇನ್ನು ಮುಂದೆ ಕೊಳ್ಳುವವರ ವಿಷಯ ಬರೆಯದೆ ಯಾವ ಬೆಳೆಯ ಲಕ್ಷದ ಲೆಕ್ಕವನ್ನೂ ಇಲ್ಲಿ ಹಾಕುವುದಿಲ್ಲ. ಹಾಕಿದರೆ ಹಿಡಿದು ಕೇಳಿ.

ನೀವು ನಿಮ್ಮ ಕಡೆಯಿಂದ ಈ ಸಂಕ್ರಾಂತಿಗೆ 40 ಗಿಡ ಹಾಕಿ. ಎರಡು ಎಕರೆ ಕಳೆದುಕೊಂಡ ಆ ಹಿರಿಯರು ಹೋದ ವರ್ಷ ತಮ್ಮ ಹಿತ್ತಲಲ್ಲಿ ನಾಲ್ಕು ಸಾಲು ಹಾಕಿದ್ದರು. ನಮ್ಮನ್ನು ಕರೆದು ಬೇಯಿಸಿದ ತೆನೆ ಕೊಟ್ಟರು. "ಇದರ ಫೋಟೋ ಹಾಕ್ರಿ ಈಗ" ಅಂದರು. ಅವರ ಮೊಮ್ಮಗಳು ಎರಡನೇ ತೆನೆ ಮುಗಿಸಿ ಮೂರನೆಯದಕ್ಕೆ ಕೈ ಚಾಚಿದ್ದಳು. ಆ ವರ್ಷ ಜಾತ್ರೆಯಲ್ಲಿ ಅವಳು ಕಪ್ ಕೇಳಲಿಲ್ಲವಂತೆ. ಬಲೂನು ಕೇಳಿದಳಂತೆ.